ಷರತ್ತಿನ ಬಿಡುಗಡೆಯನ್ನು ಒಲ್ಲೆನೆಂದ ಸೇನಾನಿ ಮೈಕೆಲ್ ಕಾರ್ಕೊರನ್

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲೊಂದೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಸೆರೆಯಾಳು ಶತ್ರುವೇ ಆಗಿದ್ದಾಗ ಅವನನ್ನು ಮನುಷ್ಯನೆಂದು ಕಾಣುವುದು ಸುಲಭವಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹದಿಮೂರು ತಿಂಗಳು ಸೆರೆವಾಸ ಅನುಭವಿಸಿದ ಐರಿಷ್ ಕಥೋಲಿಕ ಸೇನಾನಿ ಮೈಕೆಲ್ ಕಾರ್ಕೊರನ್ ಅವರ ಜೀವನ ಈ ಸತ್ಯವನ್ನು ನಮಗೆ ಮನಗಾಣಿಸುತ್ತದೆ.

ಕಾರ್ಕೊರನ್ ಅವರು 1827ರಲ್ಲಿ ಐರ್ಲೆಂಡಿನ ಸ್ಲೈಗೊ ಪ್ರಾಂತದಲ್ಲಿ ಜನಿಸಿದರು. ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡ ಮಹಾಕ್ಷಾಮದ ದಿನಗಳಲ್ಲಿ ಅವರು ಪೊಲೀಸ್ ದಳದಲ್ಲಿದ್ದರು. ತಮ್ಮ ಜನರ ಸಂಕಟಕ್ಕೆ ಸಾಕ್ಷಿಯಾದ ಅವರು ಗುಟ್ಟಾಗಿ ರೈತರ ಪರವಾದ ಸಂಘವೊಂದನ್ನು ಸೇರಿ, 1849ರಲ್ಲಿ ನೌಕರಿ ತೊರೆದು ನ್ಯೂಯಾರ್ಕಿಗೆ ಹೊರಟುಹೋದರು. ಅಲ್ಲಿ ಐರಿಷರಿಂದ ಕೂಡಿದ 69ನೆಯ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, ಕರ್ನಲ್ ಪದವಿಗೇರಿದರು. 1860ರಲ್ಲಿ ಬ್ರಿಟಿಷ್ ಯುವರಾಜನು ನ್ಯೂಯಾರ್ಕಿಗೆ ಬಂದಾಗ, ಅವನ ಗೌರವಾರ್ಥ ತಮ್ಮ ದಳವನ್ನು ಕವಾಯತಿಗೆ ಒಯ್ಯಲು ಅವರು ನಿರಾಕರಿಸಿದರು. ಇದಕ್ಕಾಗಿ ಸೇನಾ ನ್ಯಾಯಾಲಯದ ವಿಚಾರಣೆಗೆ ಗುರಿಯಾದರಾದರೂ, 1861ರಲ್ಲಿ ಅಂತರ್ಯುದ್ಧ ಆರಂಭವಾಗಲು ಆ ಮೊಕದ್ದಮೆಯನ್ನು ಕೈಬಿಡಲಾಯಿತು.

ಅದೇ ವರ್ಷ ಜುಲೈ 21ರಂದು ಬುಲ್ ರನ್ ಕದನದಲ್ಲಿ ಕಾರ್ಕೊರನ್ ದಕ್ಷಿಣದವರ ಕೈಗೆ ಸೆರೆಸಿಕ್ಕರು. ದಕ್ಷಿಣದವರನ್ನು ದಂಗೆಕೋರರೆಂದೇ ಉತ್ತರದ ಸರಕಾರ ಪರಿಗಣಿಸಿತ್ತು. ಸೆರೆಯಾಳುಗಳ ವಿನಿಮಯಕ್ಕೆ ಒಪ್ಪಿದರೆ ಅವರನ್ನು ಪ್ರತ್ಯೇಕ ರಾಷ್ಟ್ರವೆಂದು ಮಾನ್ಯಮಾಡಿದಂತಾದೀತೆಂಬ ಭಯ ಅದಕ್ಕಿತ್ತು. ಹೀಗಾಗಿ ಅಧಿಕಾರಿಗಳೂ ಸಿಪಾಯಿಗಳೂ ಬಂದೀಖಾನೆಗಳಲ್ಲಿಯೇ ಉಳಿಯಬೇಕಾಯಿತು. ದಕ್ಷಿಣದ ವಿರುದ್ಧ ಮತ್ತೆ ಆಯುಧ ಹಿಡಿಯುವುದಿಲ್ಲವೆಂದು ಮಾತುಕೊಟ್ಟರೆ ಬಿಡುಗಡೆ ದೊರೆಯುತ್ತಿತ್ತು. ಕಾರ್ಕೊರನ್ ಅದಕ್ಕೆ ಒಪ್ಪಲಿಲ್ಲ.

ಇಷ್ಟರಲ್ಲಿ ಇನ್ನೂ ದೊಡ್ಡ ಗಂಡಾಂತರ ಒದಗಿತು. ದಕ್ಷಿಣದ ಪರವಾನಗಿ ಪಡೆದು ಉತ್ತರದ ವ್ಯಾಪಾರಿ ಹಡಗುಗಳನ್ನು ಹಿಡಿಯುತ್ತಿದ್ದ ನಾವಿಕರನ್ನು ಉತ್ತರದವರು ಕಡಲ್ಗಳ್ಳರೆಂದು ವಿಚಾರಣೆಗೊಳಪಡಿಸಿದರು. ಅವರಲ್ಲೊಬ್ಬನು ಫಿಲಡೆಲ್ಫಿಯಾದಲ್ಲಿ ಅಪರಾಧಿಯೆಂದು ನಿರ್ಣಯವಾಯಿತು. ಕಡಲ್ಗಳ್ಳತನಕ್ಕೆ ಗಲ್ಲೇ ಶಿಕ್ಷೆ. ಪ್ರತೀಕಾರವಾಗಿ ದಕ್ಷಿಣದ ಸರಕಾರ 1861ರ ನವೆಂಬರಿನಲ್ಲಿ ಸೆರೆಯಲ್ಲಿದ್ದ ಅಧಿಕಾರಿಗಳ ಹೆಸರುಗಳನ್ನು ಬರೆದು ಚೀಟಿ ಎತ್ತಿಸಿತು. ಆ ನಾವಿಕನನ್ನು ಗಲ್ಲಿಗೇರಿಸಿದರೆ ಪ್ರತಿಯಾಗಿ ಪ್ರಾಣ ತೆರಬೇಕಾದವನ ಚೀಟಿಯಲ್ಲಿ ಬಂದ ಹೆಸರು ಕಾರ್ಕೊರನ್ ಅವರದು. ಇತರ ನಾವಿಕರಿಗೆ ಬದಲಾಗಿ ಇನ್ನೂ ಹದಿಮೂರು ಅಧಿಕಾರಿಗಳು ಒತ್ತೆಯಾಳುಗಳಾದರು. ತಾವು ಮಾಡದ ಅಪರಾಧಕ್ಕಾಗಿ ಅವರನ್ನು ಶಿಕ್ಷೆಗೊಳಗಾದ ಅಪರಾಧಿಗಳಂತೆ ಕೂಡಿಹಾಕಬೇಕೆಂಬ ಆಜ್ಞೆ ಹೊರಟಿತು. ಕೊನೆಗೆ 1862ರ ಆರಂಭದಲ್ಲಿ ಉತ್ತರದ ಸರಕಾರ ಆ ನಾವಿಕರನ್ನು ಯುದ್ಧ ಕೈದಿಗಳೆಂದು ಒಪ್ಪಿಕೊಂಡಿತು. ಎರಡು ಪಕ್ಷಗಳ ಪ್ರಾಣಗಳೂ ಉಳಿದವು.

1862ರ ಜುಲೈ 22ರಂದು ಜನರಲ್ ಡಿಕ್ಸ್ ಮತ್ತು ಜನರಲ್ ಹಿಲ್ ಅವರು ವಿನಿಮಯದ ಒಪ್ಪಂದ ಮಾಡಿಕೊಂಡರು. ಸಮಾನ ಪದವಿಯವರನ್ನು ಒಬ್ಬರಿಗೊಬ್ಬರಂತೆ ಬಿಡಬೇಕು. ಅದಾಗದಿದ್ದರೆ ಒಬ್ಬ ಕ್ಯಾಪ್ಟನಿಗೆ 6, ಕರ್ನಲಿಗೆ 15, ಬ್ರಿಗೇಡಿಯರ್ ಜನರಲಿಗೆ 20 ಸಿಪಾಯಿಗಳೆಂದು ಲೆಕ್ಕ. ದೇವರ ದೃಷ್ಟಿಯಲ್ಲಿ ಇಂಥ ಲೆಕ್ಕವಿಲ್ಲ. ಆದರೂ ಈ ಲೆಕ್ಕದಿಂದಲೇ ಸಹಸ್ರಾರು ಮನೆಗಳಿಗೆ ಮಕ್ಕಳು ಮರಳಿದರು. ಆಗಸ್ಟಿನಲ್ಲಿ ಬಿಡುಗಡೆಯಾದ ಕಾರ್ಕೊರನ್ ಅವರಿಗೆ ಬ್ರಿಗೇಡಿಯರ್ ಜನರಲ್ ಪದವಿ ದೊರೆಯಿತು. ನ್ಯೂಯಾರ್ಕಿನ ಜನ ಅವರನ್ನು ಅದ್ದೂರಿಯಿಂದ ಸ್ವಾಗತಿಸಿದರು. ಅವರು ಹೊಸ ಐರಿಷ್ ಪಡೆಯೊಂದನ್ನು ಕಟ್ಟಿ ಮತ್ತೆ ರಣರಂಗಕ್ಕೆ ತೆರಳಿದರು.

ಅವರ ಬಾಳಿನ ಕಳಂಕವನ್ನು ನಾವು ಮರೆಮಾಚಬಾರದು. 1863ರ ಏಪ್ರಿಲಿನಲ್ಲಿ ಒಂದು ರಾತ್ರಿ ದಾರಿ ತಡೆದು ಗುರುತುಮಾತು ಕೇಳಿದ ಸ್ವಪಕ್ಷದ ಅಧಿಕಾರಿ ಎಡ್ಗರ್ ಕಿಂಬಲ್ ಅವರನ್ನು, ವಾಗ್ವಾದ ಬೆಳೆದು, ಕಾರ್ಕೊರನ್ ಗುಂಡಿಟ್ಟು ಕೊಂದರು. ಸೆರೆಯಲ್ಲಿ ತೋರಿದ ಸಂಯಮ ಆ ರಾತ್ರಿ ಅವರ ಕೈಬಿಟ್ಟಿತು. ಅದೇ ವರ್ಷದ ಡಿಸೆಂಬರ್ 22ರಂದು, ಕ್ರಿಸ್ತಜಯಂತಿಗೆ ಮೂರು ದಿನ ಮುಂಚೆ, ವರ್ಜೀನಿಯಾದಲ್ಲಿ ಕುದುರೆಯಿಂದ ಬಿದ್ದು ಅವರು ತೀರಿಕೊಂಡರು. ಆಗ ಅವರಿಗೆ 36 ವರ್ಷ. ನ್ಯೂಯಾರ್ಕಿನ ಕಲ್ವಾರಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರನ್ನು ಬಿಡಿಸಿದ ಒಪ್ಪಂದವೂ ಅಷ್ಟರಲ್ಲಿ ಮುರಿದುಬಿದ್ದಿತ್ತು. ಉತ್ತರದ ಸೈನ್ಯ ಸೇರಿದ ಕಪ್ಪು ಜನರನ್ನು ಯುದ್ಧ ಕೈದಿಗಳೆಂದು ಕಾಣಲು ದಕ್ಷಿಣದವರು ಒಪ್ಪಲಿಲ್ಲ. ಅವರನ್ನು ಮುನ್ನಡೆಸಿದ ಬಿಳಿಯ ಅಧಿಕಾರಿಗಳಿಗೆ ಮರಣದಂಡನೆಯ ಬೆದರಿಕೆಯನ್ನೂ ಹಾಕಿದರು. ವಿನಿಮಯ ನಿಂತಿತು, ಬಂದೀಖಾನೆಗಳು ತುಂಬಿದವು. ಜಾರ್ಜಿಯಾದ ಆಂಡರ್ಸನ್‌ವಿಲ್‌ ಒಂದರಲ್ಲಿಯೇ ಸುಮಾರು 45,000 ಸೆರೆಯಾಳುಗಳ ಪೈಕಿ 13,000 ಜನ ಸತ್ತರು. ಅಲ್ಲಿ 1864ರ ಬೇಸಗೆಯ ತಿಂಗಳುಗಳಲ್ಲಿ ಶತ್ರುಪಕ್ಷದ ಆ ರೋಗಿಗಳ ನಡುವೆ ಸೇವೆಗೈದು, ಸಾಲ ಮಾಡಿ ಹಿಟ್ಟು ತಂದು ರೊಟ್ಟಿ ಹಂಚಿದವರು ದಕ್ಷಿಣದವರೇ ಆದ ಗುರುಗಳು, ಪೂಜ್ಯ ಪೀಟರ್ ವೇಲನ್.

ಒಬ್ಬ ನಾವಿಕನನ್ನು ಕಳ್ಳನೆನ್ನದೆ ಕೈದಿಯೆಂದು ಒಪ್ಪಿದಾಗ ಕಾರ್ಕೊರನ್ ಅವರ ಜೀವ ಉಳಿಯಿತು. ಕಪ್ಪು ಸಿಪಾಯಿಗೆ ಅದೇ ಮನ್ನಣೆಯನ್ನು ನಿರಾಕರಿಸಿದಾಗ, ಕಪ್ಪು ಬಿಳುಪೆನ್ನದೆ ಸಹಸ್ರಾರು ಜನ ಸತ್ತರು. ಶತ್ರುವಿನ ಮಗನಿಗೆ ನಾವು ಕೊಡುವ ಮನ್ನಣೆಯೇ ನಮ್ಮ ಮಗನಿಗೆ ರಕ್ಷೆ ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ತಿಳಿಹೇಳೋಣ.