ಹೋಪ್ ವಜ್ರದ ಶಾಪ: ಟ್ಯಾವರ್ನಿಯರ್‌ನನ್ನು ನಿಜಕ್ಕೂ ನಾಯಿಗಳು ಕೊಂದವೇ?

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಮೇಲೆ ನೀಲಿ ವಜ್ರದ ಫೋಟೋ, ಕೆಳಗೆ ಉದ್ದನೆಯ ಬರಹ. ಫ್ರಾನ್ಸಿನ ಟ್ಯಾವರ್ನಿಯರ್ ಎಂಬ ವ್ಯಾಪಾರಿ ಭಾರತದ ಗುಡಿಯೊಂದಕ್ಕೆ ನುಗ್ಗಿ ದೇವರ ವಿಗ್ರಹದ ಕಣ್ಣಿನಿಂದ ಈ ವಜ್ರವನ್ನು ಕಿತ್ತನಂತೆ. ಪೂಜಾರಿಗಳು ಶಾಪ ಹಾಕಿದರಂತೆ. ಕೊನೆಗೆ ರಷ್ಯಾದಲ್ಲಿ ಕಾಡುನಾಯಿಗಳು ಅವನನ್ನು ಹರಿದು ತಿಂದವಂತೆ. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಇದು ಬಂತು. ಕೆಳಗೆ ಸಾಲುಸಾಲಾಗಿ ಕೈಮುಗಿಯುವ ಇಮೋಜಿಗಳು.

ಚುಟುಕಾಗಿ ಹೇಳುವುದಾದರೆ ವಜ್ರ ನಿಜ, ವ್ಯಾಪಾರಿ ನಿಜ. ಕಳ್ಳತನಕ್ಕೆ ಮತ್ತು ನಾಯಿಗಳಿಗೆ ಆ ಕಾಲದ ಯಾವ ದಾಖಲೆಯೂ ಇಲ್ಲ. ಆದರೆ ಆ ವ್ಯಾಪಾರಿಯ ನಿಜವಾದ ಬದುಕು ಈ ಕಟ್ಟುಕಥೆಗಿಂತ ಸ್ವಾರಸ್ಯವಾಗಿದೆ.

ನಕ್ಷೆಗಳ ನಡುವೆ ಬೆಳೆದ ಹುಡುಗ

ಜೀನ್ ಬ್ಯಾಪ್ಟಿಸ್ಟ್ ಟ್ಯಾವರ್ನಿಯರ್ ಹುಟ್ಟಿದ್ದು 1605ರಲ್ಲಿ, ಪ್ಯಾರಿಸ್ಸಿನಲ್ಲಿ. ಮನೆತನ ಪ್ರೊಟೆಸ್ಟೆಂಟ್ ಪಂಥದ್ದು, ಮೂಲ ಊರು ಆಂಟ್‌ವರ್ಪ್. ಮನೆಯವರ ಕಸುಬು ಭೂಪಟಗಳನ್ನು ಕೆತ್ತಿ ಮಾರುವುದು. ಚಿಕ್ಕಂದಿನಿಂದ ದೂರದ ಊರುಗಳ ನಕ್ಷೆ ನೋಡುತ್ತಾ ಬೆಳೆದ ಹುಡುಗ ಹರೆಯಕ್ಕೆ ಬರುತ್ತಲೇ ಯುರೋಪ್ ಸುತ್ತಿದ. 1630ರ ಸುಮಾರಿಗೆ ಪೂರ್ವದ ಕಡೆ ಹೊರಟವನು 1668ರೊಳಗೆ ಆರು ದೊಡ್ಡ ಪ್ರಯಾಣಗಳನ್ನು ಮುಗಿಸಿದ. ಮೊದಲನೆಯದು ಪರ್ಷಿಯಾದವರೆಗೆ. 1638ರಲ್ಲಿ ಹೊರಟ ಎರಡನೆಯದರಲ್ಲಿ ಸೂರತ್, ಆಗ್ರಾ ದಾಟಿ ಗೋಲ್ಕೊಂಡಕ್ಕೆ ಬಂದ.

ಆತ ಸೈನಿಕನೂ ಅಲ್ಲ, ಪಾದ್ರಿಯೂ ಅಲ್ಲ. ರತ್ನದ ವ್ಯಾಪಾರಿ. ಕಲ್ಲನ್ನು ಅಂಗಡಿಯಲ್ಲಿ ನೋಡಿದರೆ ಸಾಲದು, ಅದು ಹುಟ್ಟುವ ಜಾಗಕ್ಕೇ ಹೋಗಬೇಕು ಎಂಬುದು ಅವನ ಹಠ. ಹಾಗೆ ತಲುಪಿದ ಜಾಗಗಳಲ್ಲಿ ಒಂದು ಕೊಲ್ಲೂರು.

ಇದು ಯಾವ ಕೊಲ್ಲೂರು?

ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು ಮೂಕಾಂಬಿಕೆ. ಇದು ಆ ಕೊಲ್ಲೂರು ಅಲ್ಲ. ಈ ಕೊಲ್ಲೂರು ಆಂಧ್ರಪ್ರದೇಶದ ಈಗಿನ ಪಲ್ನಾಡು ಜಿಲ್ಲೆಯಲ್ಲಿ, ಕೃಷ್ಣಾ ನದಿಯ ಬಲದಂಡೆಯಲ್ಲಿ ಇತ್ತು. ಗೋಲ್ಕೊಂಡದಿಂದ ಪೂರ್ವಕ್ಕೆ ಏಳು ದಿನದ ದಾರಿ ಎಂದು ಟ್ಯಾವರ್ನಿಯರ್ ಬರೆದಿದ್ದಾನೆ. ಗೋಲ್ಕೊಂಡ ವಜ್ರ ಎಂದು ಜಗತ್ತು ಹೇಳುತ್ತಿದ್ದರೂ ಗೋಲ್ಕೊಂಡ ಬರೀ ಮಾರುಕಟ್ಟೆ ಮತ್ತು ಕೋಟೆ. ಗಣಿಗಳು ಇದ್ದದ್ದು ಇಂಥ ಊರುಗಳಲ್ಲಿ.

ಗಣಿ ಪತ್ತೆಯಾದ ಬಗೆಯನ್ನೂ ಆತ ಅಲ್ಲಿನವರಿಂದ ಕೇಳಿ ಬರೆದಿಟ್ಟ. ಅವನು ಹೋಗುವುದಕ್ಕೆ ಸುಮಾರು ನೂರು ವರ್ಷ ಹಿಂದೆ ಬಡವನೊಬ್ಬ ಕಿರುಧಾನ್ಯ ಬಿತ್ತಲು ನೆಲ ಅಗೆಯುತ್ತಿದ್ದಾಗ ಹೊಳೆಯುವ ಹರಳು ಸಿಕ್ಕಿತಂತೆ. ಗೋಲ್ಕೊಂಡಕ್ಕೆ ಒಯ್ದು ತೋರಿಸಿದರೆ ಸುಮಾರು 25 ಕ್ಯಾರೆಟ್ ತೂಗುವ ವಜ್ರ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅಂದರೆ ಸುಮಾರು 5 ಗ್ರಾಂ. ಸುದ್ದಿ ಹಬ್ಬಿತು, ಹೊಲ ಗಣಿಯಾಯಿತು.

ಟ್ಯಾವರ್ನಿಯರ್ ಹೋದಾಗ ಅಲ್ಲಿ 60,000 ಮಂದಿ ಕೆಲಸ ಮಾಡುತ್ತಿದ್ದರು ಎಂಬುದು ಅವನದೇ ಲೆಕ್ಕ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಹತ್ತು-ಹದಿನಾಲ್ಕು ಅಡಿ ಇಳಿದು ನೀರು ಬಂದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಪಕ್ಕದಲ್ಲಿ ಗಿಡ್ಡ ಗೋಡೆಯ ಅಂಗಳ ಕಟ್ಟಿ, ಅಗೆದ ಮಣ್ಣು ಸುರಿದು, ನೀರು ತುಂಬಿಸಿ ನೆನೆಹಾಕುತ್ತಿದ್ದರು. ಆಮೇಲೆ ಗೋಡೆಯ ಕಿಂಡಿ ತೆರೆದರೆ ಕೆಸರು ಹರಿದುಹೋಗಿ ಮರಳು ಉಳಿಯುತ್ತಿತ್ತು. ಅದನ್ನು ಬಿಸಿಲಲ್ಲಿ ಒಣಗಿಸಿ, ಧಾನ್ಯದಂತೆ ಮೊರದಲ್ಲಿ ಕೇರಿ, ಹೆಂಟೆಗಳನ್ನು ಮರದ ಒನಕೆಯಿಂದ ಕುಟ್ಟಿ, ಕೊನೆಗೆ ಕೈಯಿಂದ ಹರಳು ಆರಿಸುತ್ತಿದ್ದರು.

ಆತ ನೋಡಿದ ಇನ್ನೊಂದು ಗಣಿ ರಾವಲಕೊಂಡ. ನಮ್ಮ ವಿಜಯಪುರದಿಂದ ಅಲ್ಲಿಗೆ ಎಂಟು-ಒಂಬತ್ತು ದಿನದ ದಾರಿ ಎಂದಿದ್ದಾನೆ. ಅಲ್ಲಿ ನುರಿತ ಕೆಲಸಗಾರನಿಗೂ ಸಿಗುತ್ತಿದ್ದದ್ದು ವರ್ಷಕ್ಕೆ 3 ವರಹ. ವ್ಯಾಪಾರದ ರೀತಿಯೂ ಅವನಿಗೆ ಬೆರಗು ತಂದಿತ್ತು. ಕೊಳ್ಳುವವನು, ಮಾರುವವನು ಎದುರುಬದುರು ಕೂತು, ನಡುಪಟ್ಟಿಯ ಬಟ್ಟೆಯ ಕೆಳಗೆ ಕೈಹಿಡಿದು ಮಾತಿಲ್ಲದೆ ಬೆಲೆ ಕುದುರಿಸುತ್ತಿದ್ದರು. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ಬೆರಳ ತುದಿಗೆ ಹತ್ತು. ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ನಡೆಯುವ ವ್ಯಾಪಾರ ನೋಡಿದ್ದರೆ ನಿಮಗಿದು ಹೊಸತಲ್ಲ.

ಹೊಲದಲ್ಲಿ ವಜ್ರ ಹೇಗೆ?

ಕಲ್ಲಿದ್ದಲು ಒತ್ತಡಕ್ಕೆ ಸಿಕ್ಕಿ ವಜ್ರವಾಗುತ್ತದೆ ಎಂಬುದು ಇನ್ನೊಂದು ಜನಪ್ರಿಯ ಫಾರ್ವರ್ಡ್. ಅದೂ ತಪ್ಪು. ಕಲ್ಲಿದ್ದಲು ಆಗುವುದು ಸತ್ತ ಗಿಡಮರಗಳಿಂದ. ಬಹುತೇಕ ವಜ್ರಗಳು ನೆಲದ ಮೇಲೆ ಗಿಡಮರ ಹುಟ್ಟುವುದಕ್ಕಿಂತಲೂ ಹಳೆಯವು. ಭೂಮಿಯೊಳಗೆ ಸುಮಾರು 150ರಿಂದ 200 ಕಿಲೋಮೀಟರ್ ಆಳದಲ್ಲಿ ಅಪಾರ ಬಿಸಿ ಮತ್ತು ಒತ್ತಡದಲ್ಲಿ ಇಂಗಾಲದ ಅಣುಗಳು ಬಿಗಿಯಾಗಿ ಜೋಡಿಸಿಕೊಂಡು ಹರಳುಗಟ್ಟುತ್ತವೆ. ಕಿಂಬರ್ಲೈಟ್, ಲ್ಯಾಂಪ್ರೋಯೈಟ್ ಎಂಬ ಶಿಲಾರಸಗಳು ರಭಸದಿಂದ ಮೇಲೆ ನುಗ್ಗುವಾಗ ಈ ಹರಳುಗಳನ್ನೂ ಹೊತ್ತು ತರುತ್ತವೆ.

ಆ ಬಂಡೆ ಲಕ್ಷಾಂತರ ವರ್ಷ ಮಳೆಗಾಳಿಗೆ ಸವೆದು ಪುಡಿಯಾಗುತ್ತದೆ. ವಜ್ರ ಸವೆಯುವುದಿಲ್ಲ. ಹೊಳೆ ಅದನ್ನು ಉರುಳಿಸಿಕೊಂಡು ಹೋಗಿ, ನೀರಿನ ಸೆಳೆತ ತಗ್ಗುವ ಕಡೆ ಜಲ್ಲಿಯ ಜೊತೆ ಬಿಡುತ್ತದೆ. ಮಾಮೂಲಿ ಬಿಳಿ ಮರಳಿನ ಸಾಂದ್ರತೆ 2.65, ವಜ್ರದ್ದು 3.5. ಭಾರವಾದದ್ದು ಬೇಗ ತಳ ಸೇರುತ್ತದೆ. ಕೊಲ್ಲೂರಿನಲ್ಲಿ ಸಿಗುತ್ತಿದ್ದದ್ದು ಹೀಗೆ ಕೃಷ್ಣೆಯ ಹಳೆಯ ಜಲ್ಲಿ ಪದರದಲ್ಲಿ ಸೇರಿಕೊಂಡ ಹರಳುಗಳು. ಹಾಗಾಗಿಯೇ ಗುದ್ದಲಿ, ಮೊರ, ನೀರು ಸಾಕಾಗುತ್ತಿತ್ತು. ಈಗಲೂ ಅನಂತಪುರ, ಕರ್ನೂಲು ಕಡೆ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಹೊಲಗಳಲ್ಲಿ ವಜ್ರ ಹುಡುಕುತ್ತಾರೆ.

ಇನ್ನು ನೀಲಿ ಬಣ್ಣ. ಹರಳಿನೊಳಗೆ ಅತ್ಯಲ್ಪ ಬೋರಾನ್ ಸೇರಿದರೆ ವಜ್ರ ನೀಲಿಯಾಗುತ್ತದೆ. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು 46 ನೀಲಿ ವಜ್ರಗಳನ್ನು ಪರೀಕ್ಷಿಸಿ, ಇಂಥವು 660 ಕಿಲೋಮೀಟರಿಗಿಂತ ಆಳದಲ್ಲಿ ಹುಟ್ಟಿರಬೇಕು ಎಂದಿತು. ಹೋಪ್ ವಜ್ರದ ಮೇಲೆ ನೇರಳಾತೀತ ಬೆಳಕು ಬಿಟ್ಟು ಆರಿಸಿದರೆ ಅದು ಕೆಲಹೊತ್ತು ಕೆಂಪಗೆ ಹೊಳೆಯುತ್ತದೆ. ಫಾರ್ವರ್ಡ್‌ಗಳು ಇದನ್ನೇ ರಕ್ತದ ಗುರುತು ಎನ್ನುತ್ತವೆ. ಹರಳಿನಲ್ಲಿರುವ ಬೋರಾನ್ ಮತ್ತು ನೈಟ್ರೋಜನ್ ಹೀರಿದ ಬೆಳಕನ್ನು ನಿಧಾನವಾಗಿ ಹೊರಬಿಡುವುದರಿಂದ ಹಾಗಾಗುತ್ತದೆ, ಅಷ್ಟೇ.

ರಾಜನಿಗೆ ಮಾರಿದ ಕಲ್ಲು

ಟ್ಯಾವರ್ನಿಯರ್ ರತ್ನಗಳ ವಿಷಯದಲ್ಲಿ ಎಷ್ಟು ಹೆಸರು ಮಾಡಿದ್ದನೆಂದರೆ 1665ರ ನವೆಂಬರಿನಲ್ಲಿ ಔರಂಗಜೇಬನ ಖಜಾನೆಯ ಆಭರಣಗಳನ್ನೇ ಅವನಿಗೆ ತೋರಿಸಲಾಯಿತು. 1668ರಲ್ಲಿ ಫ್ರಾನ್ಸಿಗೆ ಮರಳಿದವನು ಸುಮಾರು 115 ಕ್ಯಾರೆಟ್ಟಿನ ನೀಲಿ ವಜ್ರವನ್ನು ಸಾವಿರಕ್ಕೂ ಹೆಚ್ಚು ಬೇರೆ ವಜ್ರಗಳ ಜೊತೆ ಹದಿನಾಲ್ಕನೇ ಲೂಯಿಗೆ ಮಾರಿದ.

ಆ ನೀಲಿ ಕಲ್ಲನ್ನು ಯಾರಿಂದ ಕೊಂಡೆ ಎಂದು ಆತ ಬರೆದಿಲ್ಲ. ಕೊಲ್ಲೂರಿನದು ಎಂಬುದು ತಜ್ಞರ ಊಹೆ. ಪುರಿಯ ವಿಗ್ರಹದ ವಜ್ರದ ಕಣ್ಣುಗಳ ವರ್ಣನೆ ಅವನ ಪುಸ್ತಕದಲ್ಲಿದೆ. ಆದರೆ ವರ್ಣಿಸುವುದು ಬೇರೆ, ಕದಿಯುವುದು ಬೇರೆ. ಅಲ್ಲದೆ ಮತ್ತೆ ಮತ್ತೆ ಅದೇ ದೇಶಕ್ಕೆ, ಅದೇ ವರ್ತಕರ ಬಳಿಗೆ ಬರಬೇಕಾದ ವ್ಯಾಪಾರಿಗೆ ನಂಬಿಕೆಯೇ ಬಂಡವಾಳ.

ಶಾಪ ತಟ್ಟಿತೇ?

1669ರಲ್ಲಿ ರಾಜ ಅವನಿಗೆ ಕುಲೀನ ಪದವಿ ಕೊಟ್ಟ. ಮರುವರ್ಷ ಆತ ಜಿನೀವಾ ಹತ್ತಿರದ ಒಬೋನ್ ಎಂಬ ಜಹಗೀರು ಕೊಂಡ. 1676ರಲ್ಲಿ ಪ್ರಯಾಣದ ಪುಸ್ತಕ ಹೊರಬಂತು. ಎಂಬತ್ತು ದಾಟಿದ ಮೇಲೂ ಸುಮ್ಮನೆ ಕೂರದೆ ರಷ್ಯಾದ ದಾರಿಯಾಗಿ ಮತ್ತೆ ಪೂರ್ವಕ್ಕೆ ಹೊರಟ. 1689ರಲ್ಲಿ ಆ ಪ್ರಯಾಣದ ನಡುವೆ ರಷ್ಯಾದಲ್ಲಿ ತೀರಿಕೊಂಡ. ಆಗ ಅವನಿಗೆ ಸುಮಾರು 84 ವರ್ಷ. ಹದಿನೇಳನೇ ಶತಮಾನದಲ್ಲಿ ಅದು ಅಪರೂಪದ ಆಯಸ್ಸು. ವಜ್ರ ಕೊಂಡ ಲೂಯಿ 72 ವರ್ಷ ಆಳಿದ. ಇದು ಶಾಪವಾದರೆ ಎಲ್ಲರೂ ಬೇಡಿಕೊಳ್ಳುವಂಥ ಶಾಪ!

ಕಲ್ಲಿನ ಕಥೆ ಮುಂದುವರಿಯಿತು. 1673ರಲ್ಲಿ ಅದನ್ನು ಕತ್ತರಿಸಿ ಸುಮಾರು 69 ಕ್ಯಾರೆಟ್ಟಿಗೆ ಇಳಿಸಲಾಯಿತು. 1792ರಲ್ಲಿ, ಫ್ರಾನ್ಸಿನ ಕ್ರಾಂತಿಯ ಗದ್ದಲದಲ್ಲಿ ಕಳುವಾಯಿತು. ಮತ್ತಷ್ಟು ಚಿಕ್ಕದಾಗಿ ಲಂಡನ್ನಿನಲ್ಲಿ ಕಾಣಿಸಿಕೊಂಡು, ಹೋಪ್ ಎಂಬ ಶ್ರೀಮಂತನ ಕೈಸೇರಿ ಅವನ ಹೆಸರು ಪಡೆಯಿತು. ಕಳುವಾದ ಕಲ್ಲು ಇದೇ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು 2007ರಲ್ಲಿ, ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಜ್ರದ ಸೀಸದ ಅಚ್ಚು ಪತ್ತೆಯಾದಾಗ. ಶಾಪದ ಕಥೆ ಬಲಿತದ್ದು ಇಪ್ಪತ್ತನೇ ಶತಮಾನದ ಆರಂಭದ ಪತ್ರಿಕೆಗಳಲ್ಲಿ. ಆಭರಣ ವ್ಯಾಪಾರಿ ಪಿಯರ್ ಕಾರ್ಟಿಯರ್ ಅಮೆರಿಕದ ಸಿರಿವಂತೆಯೊಬ್ಬಳಿಗೆ ಕಲ್ಲು ಮಾರಲು ಅದೇ ಕಥೆಗೆ ಬಣ್ಣ ಕಟ್ಟಿ ಹೇಳಿದ. 1911ರಲ್ಲಿ ವ್ಯಾಪಾರ ಕುದುರಿತು. 1958ರಿಂದ 45.52 ಕ್ಯಾರೆಟ್ಟಿನ ಆ ವಜ್ರ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಕೊಲ್ಲೂರು ಗಣಿ ಈಗ ಪುಲಿಚಿಂತಲ ಜಲಾಶಯದ ನೀರಿನಡಿ ಇದೆ. ಅಲ್ಲಿ ದುಡಿದ ಅಷ್ಟು ಸಾವಿರ ಜನರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ರಾವಲಕೊಂಡದ ಬಗ್ಗೆ ಬರೆಯುವಾಗ ಟ್ಯಾವರ್ನಿಯರ್ ಒಬ್ಬ ಕೂಲಿಯವನನ್ನು ನೆನೆಯುತ್ತಾನೆ. ಆತ ಚಿಕ್ಕದೊಂದು ವಜ್ರವನ್ನು ತನ್ನ ಕಣ್ಣಿನ ಮೂಲೆಯಲ್ಲಿ ಅಡಗಿಸಿ ಸಾಗಿಸಲು ಹೋಗಿ ಸಿಕ್ಕಿಬಿದ್ದಿದ್ದ. ವರ್ಷಕ್ಕೆ 3 ವರಹದ ಕೂಲಿಯಲ್ಲಿ ಅವನ ಕಷ್ಟ ಏನಿತ್ತೋ.

ಮುಂದಿನ ಸಲ ವಿಗ್ರಹದ ಕಣ್ಣಿನ ಫಾರ್ವರ್ಡ್ ಬಂದಾಗ, ಕಳಿಸಿದವರಿಗೆ ಈ ಕಣ್ಣಿನ ಕಥೆಯನ್ನು ಕಳಿಸಿ.