ಬೆಟ್ಟದ ಮೇಲೆ ಹೂತೋಟ ಮಾಡಿದ ಶ್ರೀ ಅನಂತಾಳ್ವಾರರು

ತಿರುಮಲೆಗೆ ಬಂದ ಭಕ್ತಾದಿಗಳು ಮಹಾದ್ವಾರ ದಾಟುವಾಗ ಬಲಗಡೆ ಗೋಡೆಯ ಮೇಲೆ ಒಂದು ಕಬ್ಬಿಣದ ಹಾರೆ ತೂಗುಹಾಕಿರುವುದನ್ನು ನೋಡಬಹುದು. ನೂಕುನುಗ್ಗಲಿನಲ್ಲಿ ಎಷ್ಟೋ ಜನರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಚಿನ್ನದ ವಿಮಾನವಿರುವ ಸನ್ನಿಧಿಯಲ್ಲಿ ಮಣ್ಣು ಅಗೆಯುವ ಹಾರೆಗೆ ಏನು ಕೆಲಸ? ಅದಕ್ಕೆ ಉತ್ತರ ಮಂಡ್ಯ ಸೀಮೆಯಿಂದ ಬಂದ ಮಹಾನುಭಾವರೊಬ್ಬರ ಚರಿತ್ರೆಯಲ್ಲಿದೆ.

ಜನನ ಮತ್ತು ಗುರುಸೇವೆ

ಶ್ರೀ ಅನಂತಾಳ್ವಾರರು ಕ್ರಿ.ಶ. 1053ರಲ್ಲಿ, ಚೈತ್ರ ಮಾಸದ ಚಿತ್ತಾ ನಕ್ಷತ್ರದಲ್ಲಿ, ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರಿನಲ್ಲಿ ಜನಿಸಿದರೆಂದು ಸಂಪ್ರದಾಯ. ಶ್ರೀ ರಾಮಾನುಜಾಚಾರ್ಯರ ಕೀರ್ತಿಯನ್ನು ಕೇಳಿ ಶ್ರೀರಂಗಕ್ಕೆ ಹೋಗಿ ಅವರ ಶಿಷ್ಯವರ್ಗ ಸೇರಿದರು.

ಒಂದು ದಿನ ಆಚಾರ್ಯರು ನಮ್ಮಾಳ್ವಾರರ ತಿರುವಾಯ್ಮೊಳಿಯನ್ನು ವಿವರಿಸುತ್ತಿದ್ದರು. ತಿರುವೇಂಕಟದ ಹೂಗಳ ಪ್ರಸಂಗ ಬಂದಾಗ, ಆ ಬೆಟ್ಟದಲ್ಲೇ ನೆಲೆಸಿ ಸ್ವಾಮಿಗೆ ನಿತ್ಯ ಹೂವಿನ ಸೇವೆ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಸಭೆಯನ್ನು ಕೇಳಿದರು. ಆಗಿನ ತಿರುಮಲೆ ಈಗಿನಂತಿರಲಿಲ್ಲ. ರಸ್ತೆಯಿಲ್ಲ, ಛತ್ರವಿಲ್ಲ. ದಟ್ಟ ಕಾಡು, ಕಾಡುಮೃಗಗಳು, ಮೂಳೆ ಕೊರೆಯುವ ಚಳಿ. ಹಿಂಗಾರು ಹಿಡಿಯಿತೆಂದರೆ ದಿನಗಟ್ಟಲೆ ಬಿಡದ ಗಾಳಿಮಳೆ. ಆ ಚಳಿಗೆ ಹೆದರಿ ಎಲ್ಲರೂ ತಲೆ ತಗ್ಗಿಸಿ ಕೂತುಬಿಟ್ಟರು. ಎದ್ದು ನಿಂತವರು ಅನಂತಾಳ್ವಾರರು ಒಬ್ಬರೇ. ಗುರುಗಳು ಹರ್ಷದಿಂದ ಅಪ್ಪಿಕೊಂಡು, ಈತನೇ ಗಂಡಸು ಎಂದು ಮೆಚ್ಚಿದರು. ಅಂದಿನಿಂದ ಅವರಿಗೆ ಅನಂತಾಣ್ ಪಿಳ್ಳೈ ಎಂಬ ಹೆಸರಾಯಿತು.

ಕೆರೆ ಮತ್ತು ಹಾರೆ

ಪತ್ನೀಸಮೇತರಾಗಿ ಬೆಟ್ಟ ಹತ್ತಿದ ಆಳ್ವಾರರು ದೇವಸ್ಥಾನದ ಹಿಂದೆ ಕಾಡು ಕಡಿದು, ಕಲ್ಲು ತೆಗೆದು, ನೆಲ ಹದ ಮಾಡಿ ಗಿಡ ನೆಟ್ಟರು. ಬೇಸಿಗೆಯಲ್ಲಿ ಗಿಡಕ್ಕೆ ನೀರು ಬೇಕಲ್ಲ? ಮಳೆನೀರು ನಿಲ್ಲಿಸಲು ಕೆರೆ ತೋಡಲು ಹೊರಟರು. ಆಳು ಕಾಳು ಯಾರನ್ನೂ ಕರೆಯಲಿಲ್ಲ. ಅವರು ಹಾರೆ ಹಿಡಿದು ಅಗೆಯುವುದು, ತುಂಬು ಗರ್ಭಿಣಿಯಾದ ಪತ್ನಿ ಮಂಕರಿಯಲ್ಲಿ ಮಣ್ಣು ಹೊತ್ತು ದಡದ ಆಚೆ ಸುರಿಯುವುದು.

ಆಕೆ ಬಳಲಿದ್ದನ್ನು ಕಂಡು ಒಬ್ಬ ಚಿಕ್ಕ ಹುಡುಗ ಎಲ್ಲಿಂದಲೋ ಬಂದು ಮಂಕರಿಗೆ ಕೈಕೊಟ್ಟ. ಅರ್ಧ ದಾರಿಯಲ್ಲಿ ಇಸಿದುಕೊಂಡು ತಾನೇ ಸುರಿದು ಬರುತ್ತಿದ್ದ. ಪತ್ನಿ ಬೇಗ ಬೇಗ ಹಿಂದಿರುಗುತ್ತಿರುವುದು ಗೊತ್ತಾಗಿ, ಗುರುಗಳು ಕೊಟ್ಟ ಸೇವೆಯಲ್ಲಿ ಬೇರೆಯವರು ಪಾಲು ತೆಗೆದರೆಂದು ಆಳ್ವಾರರಿಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಹಾರೆ ಬೀಸಿ ಎಸೆದರು. ಅದು ಹುಡುಗನ ಗಲ್ಲಕ್ಕೆ ತಗುಲಿತು. ಹುಡುಗ ಓಡಿಹೋಗಿ ದೇವಸ್ಥಾನದ ಕಡೆ ಮಾಯವಾದ.

ಅತ್ತ ಗರ್ಭಗುಡಿಯಲ್ಲಿ ಸ್ವಾಮಿಯ ಗಲ್ಲದಿಂದ ರಕ್ತ ಸೋರುವುದನ್ನು ಕಂಡು ಅರ್ಚಕರು ಗಾಬರಿಯಾದರು. ಸುದ್ದಿ ತಿಳಿದು ಬಂದ ಆಳ್ವಾರರಿಗೆ ಎದೆ ನಡುಗಿತು. ತನ್ನ ಹಠದಲ್ಲಿ ಹೆಂಡತಿಯ ಆಯಾಸ ತನಗೆ ಕಾಣಲಿಲ್ಲ, ಅದು ಕಂಡದ್ದು ದೇವರಿಗೆ. ಹಾಗೆ ಕಂಡು ಬಂದವನಿಗೇ ತಾನು ಹೊಡೆದೆನಲ್ಲಾ ಎಂದು ಗೋಳಾಡಿದರು. ರಕ್ತ ನಿಲ್ಲಲು ಪಚ್ಚಕರ್ಪೂರ ಮೆತ್ತಿದರು. ಈಗಲೂ ಸ್ವಾಮಿಯ ಗಲ್ಲಕ್ಕೆ ಪಚ್ಚಕರ್ಪೂರ ಇಡುವುದು ಇದರ ನೆನಪಿಗೆ. ಮಹಾದ್ವಾರದಲ್ಲಿರುವುದು ಅದೇ ಹಾರೆ ಎಂದು ಪ್ರತೀತಿ.

ಕೆರೆ ತುಂಬಿತು, ತೋಟ ಹೂಬಿಟ್ಟಿತು. ಎರಡಕ್ಕೂ ಆಳ್ವಾರರು ಇಟ್ಟದ್ದು ಗುರುಗಳ ಹೆಸರನ್ನೇ. ಮುಂದೆ ರಾಮಾನುಜರು ಬೆಟ್ಟಕ್ಕೆ ಬಂದು ತೋಟ ನೋಡಿ ಸಂತೋಷಪಟ್ಟರು.

ಕೆಲಸವೇ ಪೂಜೆ

ಒಮ್ಮೆ ಹೂ ಕೀಳುವಾಗ ಆಳ್ವಾರರಿಗೆ ಹಾವು ಕಚ್ಚಿತು. ಜೊತೆಯವರು ಮದ್ದಿಗೆ ಅವಸರಪಡಿಸಿದರೂ ಅವರು ಒಪ್ಪಲಿಲ್ಲ. ಬದುಕಿದರೆ ಸ್ವಾಮಿ ಪುಷ್ಕರಿಣಿಯಲ್ಲಿ ಮಿಂದು ಇಲ್ಲಿ ಸೇವೆ, ಹೋದರೆ ವಿರಜಾ ನದಿಯಲ್ಲಿ ಮಿಂದು ವೈಕುಂಠದಲ್ಲಿ ಸೇವೆ ಎಂದು ಹೇಳಿ ಹೂಮಾಲೆ ಕಟ್ಟಲು ಕೂತರಂತೆ. ಮತ್ತೊಮ್ಮೆ ಮಾಲೆ ಕಟ್ಟುವಾಗ ಸ್ವಾಮಿಯೇ ಹೇಳಿಕಳಿಸಿದರೂ ಕೆಲಸ ಮುಗಿಯುವ ತನಕ ಏಳಲಿಲ್ಲ.

ಸ್ವಾಮಿಯೂ ಅಮ್ಮನವರೂ ರಾಜದಂಪತಿಗಳ ವೇಷದಲ್ಲಿ ತೋಟಕ್ಕೆ ಬಂದ ಕಥೆಯಂತೂ ಪ್ರಸಿದ್ಧ. ಹೂ ಕದಿಯುವವರೆಂದು ಆಳ್ವಾರರು ಹಿಡಿಯಲು ಹೋದಾಗ ಸ್ವಾಮಿ ಅಪ್ರದಕ್ಷಿಣೆಯಾಗಿ ಓಡಿ ತಪ್ಪಿಸಿಕೊಂಡರು. ಅಮ್ಮನವರು ಸಿಕ್ಕಿಬಿದ್ದು ಸಂಪಿಗೆ ಮರಕ್ಕೆ ಕಟ್ಟಿಸಿಕೊಂಡರು. ನಿಜ ತಿಳಿದ ಮೇಲೆ ಆಳ್ವಾರರು ಆಕೆಯನ್ನು ಮಗಳಂತೆ ಹೂಬುಟ್ಟಿಯಲ್ಲಿ ಕೂರಿಸಿ ಸನ್ನಿಧಿಗೆ ಒಪ್ಪಿಸಿದರು. ಅಂದಿನಿಂದ ಸ್ವಾಮಿಗೆ ಅವರು ಮಾವನವರಾದರು! ಬ್ರಹ್ಮೋತ್ಸವ ಮುಗಿದ ಮಾರನೇ ದಿನ ನಡೆಯುವ ಬಾಗ್ ಸವಾರಿಯಲ್ಲಿ ಉತ್ಸವಮೂರ್ತಿ ಅಪ್ರದಕ್ಷಿಣೆಯಾಗಿ ಈ ತೋಟಕ್ಕೆ ಬರುವುದು ಇದೇ ಕಾರಣಕ್ಕೆ.

ಆಷಾಢದ ಹುಬ್ಬಾ ನಕ್ಷತ್ರದ ದಿನ ಆಳ್ವಾರರು ಪರಮಪದ ಸೇರಿದರು. ಅವರು ತೋಟದಲ್ಲೇ ಪೊಗಡೆ ಮರವಾಗಿ ನಿಂತಿದ್ದಾರೆಂದು ನಂಬಿಕೆ. ಆ ದಿನ ಸ್ವಾಮಿ ತೋಟಕ್ಕೆ ದಯಮಾಡಿಸಿ, ಮರಕ್ಕೆ ಶಠಾರಿ ಮರ್ಯಾದೆ ಸಲ್ಲುತ್ತದೆ. 1516ರಲ್ಲಿ ಕೃಷ್ಣದೇವರಾಯರು ಮಂಡ್ಯವನ್ನು ಗೋವಿಂದರಾಜರೆಂಬ ಶ್ರೀವೈಷ್ಣವ ಗುರುಗಳಿಗೆ ಅಗ್ರಹಾರವಾಗಿ ಕೊಟ್ಟರು. ಮಂಡಯಂ ಶ್ರೀವೈಷ್ಣವರಲ್ಲಿ ಅನೇಕರು ಇಂದಿಗೂ ಅನಂತಾಳ್ವಾರರನ್ನೇ ಕುಲಮೂಲರೆಂದು ನೆನೆಯುತ್ತಾರೆ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಮುಡಿಪು ಕಟ್ಟಿಕೊಂಡು ಬರುವವರಿಗೆ ಹಾರೆ, ಗುದ್ದಲಿ, ಮಂಕರಿ ಹೊಸದಲ್ಲ. ಕಳೆ ಕೀಳುವುದು, ಮಳೆಗೆ ಕಾಯುವುದು, ಸುರಿದ ಮಳೆಯಲ್ಲಿ ನೆನೆಯುವುದು ಎಲ್ಲವೂ ಅವರ ಬದುಕೇ. ದರ್ಶನವಾದ ಮೇಲೆ ದೇವಸ್ಥಾನದ ಹಿಂದಿನ ಆ ತೋಟಕ್ಕೂ ಹೋಗಿ, ಪೊಗಡೆ ಮರಕ್ಕೆ ಕೈಮುಗಿದು ಊರಿಗೆ ಹೊರಡಿ. ಮನೆಯ ಹಿತ್ತಲಲ್ಲಿ ದೇವರಿಗೆಂದು ಒಂದು ಹೂಗಿಡ ನೆಟ್ಟು ನೀರೆರೆದರೂ ಅದು ಸ್ವಾಮಿಗೆ ಸಲ್ಲುತ್ತದೆ. ಕೆಲಸದ ನಡುವೆ ಯಾರಾದರೂ ಮಂಕರಿಗೆ ಕೈಕೊಡಲು ಬಂದರೆ ಬೇಡ ಅನ್ನಬೇಡಿ.

ಗೋವಿಂದಾ ಗೋವಿಂದ!