ದೊಡ್ಡಬಳ್ಳಾಪುರದ ಸೆರೆಯಿಂದ ಶ್ರೀರಂಗಪಟ್ಟಣಕ್ಕೆ

ನೆಲಮಂಗಲದಿಂದ ಮಧುರೆಯ ಮಾರ್ಗವಾಗಿ ದೊಡ್ಡಬಳ್ಳಾಪುರಕ್ಕೆ ನಿತ್ಯ ಓಡಾಡುವ ಎಷ್ಟೋ ಮಂದಿಗೆ, ಆ ಊರು ಒಂದು ಕಾಲದಲ್ಲಿ ಒಬ್ಬ ವಿಧವೆ ಮತ್ತು ಆಕೆಯ ಇಬ್ಬರು ಪುಟ್ಟ ಮಕ್ಕಳ ಸೆರೆಮನೆಯಾಗಿತ್ತೆಂಬುದು ತಿಳಿದಿರಲಾರದು. ಆ ಮಕ್ಕಳಲ್ಲಿ ಕಿರಿಯವರೇ ಮುಂದೆ ಮೈಸೂರನ್ನಾಳಿದ ನವಾಬ್ ಹೈದರ್ ಅಲಿ ಖಾನ್. ಅವರ ಯುದ್ಧಗಳ ಬಗ್ಗೆ ನಾವು ಬಹಳ ಕೇಳಿದ್ದೇವೆ. ಅವರು ನಿರಾಶ್ರಿತ ಬಾಲಕರಾಗಿದ್ದರೆಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಹೈದರ್ ಅಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದರು. ಇಸವಿಯ ಬಗ್ಗೆ ಒಮ್ಮತವಿಲ್ಲ, 1720ರಿಂದ 1722ರೊಳಗೆ ಎನ್ನಬಹುದು. ತಂದೆ ಫತೇ ಮುಹಮ್ಮದ್ ಮೊಗಲರ ಸಿರಾ ಪ್ರಾಂತದಲ್ಲಿ ಸೇನಾನಿಯಾಗಿದ್ದರು. ಸುಬೇದಾರಿಕೆಗಾಗಿ ನಡೆದ ಕಾದಾಟವೊಂದರಲ್ಲಿ ಅವರು ಹತರಾದಾಗ ಹೈದರ್ ಇನ್ನೂ ಎಳೆಯ ಮಗು. ಕುಟುಂಬವು ಆಗ ದೊಡ್ಡಬಳ್ಳಾಪುರದಲ್ಲಿತ್ತು. ಅಲ್ಲಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನನು, ಮೃತರಿಂದ ಬಾಕಿ ಬರಬೇಕಿದೆಯೆಂಬ ನೆಪವೊಡ್ಡಿ ಮನೆಯಲ್ಲಿದ್ದುದನ್ನೆಲ್ಲ ದೋಚಿದನು. ಅಷ್ಟಕ್ಕೂ ತೃಪ್ತಿಯಾಗದೆ, ಹೈದರ್ ಮತ್ತು ಅವರ ಅಣ್ಣ ಶಹಬಾಜರನ್ನು ನಗಾರಿಯೊಳಗೆ ಕೂಡಿಹಾಕಿ ಹಿಂಸಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಅನಾಥರ ಸೊತ್ತನ್ನು ಕಬಳಿಸುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆಂಬ ಕುರ್‌ಆನಿನ ಎಚ್ಚರಿಕೆಯನ್ನು ಆ ಜಹಗೀರುದಾರನೂ ಕೇಳಿರದೆ ಇರಲಾರ. ಪೀಡಿಸಿದವನು ಮುಸ್ಲಿಮನೇ, ಪೀಡಿತರೂ ಮುಸ್ಲಿಮರೇ.

ಎಲ್ಲವನ್ನೂ ಕಳೆದುಕೊಂಡ ಮೇಲೆ ತಾಯಿಗೆ ಬಿಡುಗಡೆ ಸಿಕ್ಕಿತು. ಮಕ್ಕಳೊಂದಿಗೆ ಆಕೆ ಮೊದಲು ಬೆಂಗಳೂರಿನಲ್ಲಿದ್ದ ತಮ್ಮ ಸಹೋದರ ಇಬ್ರಾಹೀಮ್ ಸಾಹೇಬರ ಆಸರೆ ಪಡೆದರು. ಮುಂದೆ ಫತೇ ಮುಹಮ್ಮದರ ಸಹೋದರನ ಮಗ ಹೈದರ್ ಸಾಹೇಬರು ಮೈಸೂರಿನ ಸೇವೆಯಲ್ಲಿದ್ದ ಶ್ರೀರಂಗಪಟ್ಟಣವೇ ಈ ಮಕ್ಕಳ ಆಶ್ರಯವಾಯಿತು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದೊಡ್ಡಬಳ್ಳಾಪುರವು ಮೊಗಲರ ಸೀಮೆ, ಬೆಂಗಳೂರು ಮತ್ತು ಶ್ರೀರಂಗಪಟ್ಟಣ ಒಡೆಯರ ರಾಜ್ಯ. ಕೂಲಿಗಾಗಿ, ವ್ಯಾಪಾರಕ್ಕಾಗಿ ಊರು ಬಿಡುವವನು ವಲಸಿಗ. ದೌರ್ಜನ್ಯದ ಭಯದಿಂದ ರಾಜ್ಯದ ಗಡಿ ದಾಟಿದವನು ನಿರಾಶ್ರಿತ. 1951ರ ಅಂತಾರಾಷ್ಟ್ರೀಯ ಒಪ್ಪಂದದ ತಿರುಳೂ ಇದೇ. ಭಾರತವು ಅದಕ್ಕೆ ಸಹಿ ಹಾಕಿಲ್ಲ. ಆದರೂ 1960ರಲ್ಲಿ ಮೈಸೂರು ಸರಕಾರವು ಟಿಬೆಟಿನ ಬೌದ್ಧರಿಗೆ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತು. ಹಿಂದೂ ಅರಸರ ನಾಡಿನಲ್ಲಿ ಬದುಕು ಕಂಡ ಈ ಮುಸ್ಲಿಮ್ ತಾಯಿಯ ಪಾಡು, ಮಕ್ಕಾದ ಪೀಡೆಯಿಂದ ಪಾರಾಗಿ ಕ್ರೈಸ್ತ ದೊರೆ ನಜಾಶಿಯ ಅಬಿಸೀನಿಯಾಕ್ಕೆ ಹೋದ ಸಹಾಬಿಗಳನ್ನು ನೆನಪಿಸುತ್ತದೆ. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯರು ಮ್ಯಾನ್ಮಾರಿನಿಂದ ಬಾಂಗ್ಲಾದೇಶಕ್ಕೆ ಓಡಿದಾಗ ನಾವು ದುಃಖಿಸಿದೆವು. ಸರಿಯೇ. ಬಾಗಿಲಿಗೆ ಬಂದವನು ಅನ್ಯಧರ್ಮೀಯನಾಗಿದ್ದರೆ ನಮ್ಮ ದುಃಖ ಅಷ್ಟೇ ಇರುತ್ತದೆಯೇ? ಆಶ್ರಯ ಕೋರಿ ಬಂದ ಬಹುದೇವಾರಾಧಕನಿಗೂ ಅಭಯವಿತ್ತು, ಅವನನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸಬೇಕೆಂದು ಸೂರಃ ಅತ್ತೌಬಾ ಆದೇಶಿಸುತ್ತದೆ.

ಅಣ್ಣ ತಮ್ಮಂದಿರಿಬ್ಬರೂ ಮೈಸೂರಿನ ಸೈನ್ಯ ಸೇರಿದರು. ಹೈದರ್ ಅಲಿಗೆ ಓದು ಬರಹ ಬರಲಿಲ್ಲ, ಆದರೆ ಜ್ಞಾಪಕಶಕ್ತಿ ಅಸಾಧಾರಣವಾಗಿತ್ತು. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಅವರ ಶೌರ್ಯ ಬೆಳಕಿಗೆ ಬಂತು. 1761ರಲ್ಲಿ ರಾಜ್ಯದ ಅಧಿಕಾರವೇ ಅವರ ಕೈಸೇರಿತು. ಅದೇ ವರ್ಷ ಪಾಂಡಿಚೇರಿಯು ಇಂಗ್ಲಿಷರ ವಶವಾದಾಗ ನೆಲೆ ಕಳೆದುಕೊಂಡ ಫ್ರೆಂಚ್ ಸೈನಿಕರಿಗೆ ಅವರು ತಮ್ಮ ಸೇನೆಯಲ್ಲಿ ಸ್ಥಾನ ಕೊಟ್ಟರು. ಆರ್ಕಾಟಿನ ಚಂದಾ ಸಾಹೇಬನ ಮಗ ರಜಾ ಸಾಹೇಬನೂ ಅವರ ಬಳಿ ನೆಲೆ ಕಂಡುಕೊಂಡನು.

ಹೊಸಕೋಟೆಯ ಬಳಿಕ ದೊಡ್ಡಬಳ್ಳಾಪುರದ ಸರದಿ ಬಂತು. ಅಬ್ಬಾಸ್ ಕುಲಿ ಖಾನನು ತನ್ನ ಮನೆಮಂದಿಯನ್ನೇ ಬಿಟ್ಟು ಮದರಾಸಿಗೆ ಪರಾರಿಯಾದನು. ಈಗ ಅವನೇ ಆಶ್ರಯಾರ್ಥಿ! ಸುಮಾರು ಮೂವತ್ತು ವರ್ಷಗಳ ಹಿಂದಿನ ಲೆಕ್ಕ ಚುಕ್ತಾ ಮಾಡಲು ಹೈದರ್ ಅಲಿಯವರಿಗೆ ಅಡ್ಡಿ ಹೇಳುವವರು ಯಾರೂ ಇರಲಿಲ್ಲ. ಸೆರೆಸಿಕ್ಕ ಆ ಕುಟುಂಬದಲ್ಲಿ ಖಾನನ ತಾಯಿಯೂ ಇದ್ದರು. ತಮ್ಮ ಬಾಲ್ಯದ ಸಂಕಟದ ದಿನಗಳಲ್ಲಿ ಆಕೆ ತೋರಿದ್ದ ದಯೆಯನ್ನು ಹೈದರ್ ಅಲಿ ಮರೆತಿರಲಿಲ್ಲ. ಆ ಮನೆಯವರನ್ನು ಅವರು ಔದಾರ್ಯದಿಂದ ನಡೆಸಿಕೊಂಡರು. ಮಗನ ಅಪರಾಧಕ್ಕಾಗಿ ತಾಯಿಯನ್ನು ಶಿಕ್ಷಿಸಲಿಲ್ಲ. ಅಬ್ಬಾಸ್ ಕುಲಿ ಖಾನನಿಗೆ ಮಾತ್ರ ಕೊನೆಯವರೆಗೂ ನೆಮ್ಮದಿಯಿರಲಿಲ್ಲ. 1769ರಲ್ಲಿ ಹೈದರ್ ಅಲಿಯವರ ಕುದುರೆ ಸವಾರರು ಮದರಾಸಿನ ಬಾಗಿಲಿಗೆ ಬಂದರೆಂದು ತಿಳಿದೊಡನೆ ಅವನು ಹಡಗು ಹತ್ತಿದನು. ಅವರು ಘಟ್ಟವೇರಿ ಹಿಂದಿರುಗುವ ತನಕ ದಡಕ್ಕಿಳಿಯಲಿಲ್ಲ.

ಅವರ ಜೀವನದ ಎಲ್ಲ ಪುಟಗಳೂ ಹೀಗಿವೆಯೆಂದು ಬರೆದರೆ ಅದು ಸತ್ಯಕ್ಕೆ ಮಾಡುವ ದ್ರೋಹ. 1779ರಲ್ಲಿ ಚಿತ್ರದುರ್ಗವನ್ನು ಗೆದ್ದಾಗ ಸುಮಾರು 20,000 ಮಂದಿ ಬೇಡರನ್ನು ಅವರ ನೆಲದಿಂದ ಕಿತ್ತು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಗಂಡುಮಕ್ಕಳನ್ನು ಚೇಲಾ ಪಡೆಗಳಿಗೆ ಸೇರಿಸಲಾಯಿತು. ತಾಯಿಯ ಕೈಹಿಡಿದು ಊರು ತೊರೆದಿದ್ದ ಬಾಲಕನೇ ಈ ಅಪ್ಪಣೆ ಕೊಟ್ಟರೆಂಬುದು ನೋವಿನ ಸಂಗತಿ. ಆ ಕಾಲದ ಎಲ್ಲ ದೊರೆಗಳೂ ಹಾಗೆಯೇ ಮಾಡುತ್ತಿದ್ದರೆಂದು ಕೆಲವರು ಸಮರ್ಥಿಸುತ್ತಾರೆ. ಮನೆ ಕಳೆದುಕೊಂಡ ಬೇಡರ ಹೆಂಗಸಿಗೆ ಆ ಸಮಾಧಾನದಿಂದ ಏನು ಪ್ರಯೋಜನ?

ಇಂಗ್ಲಿಷರೊಡನೆ ಎರಡನೆಯ ಯುದ್ಧ ನಡೆಯುತ್ತಿದ್ದಾಗಲೇ, 1782ರ ಡಿಸೆಂಬರ್ 7ರಂದು, ಬೆನ್ನಿನ ಹುಣ್ಣಿನಿಂದ ನರಳಿ ಹೈದರ್ ಅಲಿ ಚಿತ್ತೂರಿನ ಸಮೀಪದ ಶಿಬಿರದಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಮೊದಲು ಕೋಲಾರಕ್ಕೆ ಒಯ್ಯಲಾಯಿತು. ಬಳಿಕ ಅದನ್ನು ಶ್ರೀರಂಗಪಟ್ಟಣಕ್ಕೆ ತಂದು, ಮಗ ಟಿಪ್ಪು ಸುಲ್ತಾನರು ಕಟ್ಟಿಸಿದ ಗುಂಬಜಿನಲ್ಲಿ ದಫನ ಮಾಡಲಾಯಿತು.